ನಮ್ಮೂರಿನವರೇ ನುಡಿಸಿದ ಮೊಜಾರ್ಟ್: ಹೊಸದೊಂದು ಚೇಂಬರ್ ಆರ್ಕೆಸ್ಟ್ರಾದ ಮೊದಲ ಕಛೇರಿ

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದಾದ ಹಳೆಯ ಚರ್ಚೊಂದರ ಸಭಾಂಗಣದಲ್ಲಿ, ಕಳೆದ ಶನಿವಾರ ಸಂಜೆ ಹತ್ತೊಂಬತ್ತು ಮಂದಿ ಹವ್ಯಾಸಿ ವಾದಕರು ಮೊಜಾರ್ಟ್, ಬಾಖ್, ಎಲ್ಗಾರ್ ಮತ್ತು ಹೋಲ್ಸ್ಟ್ ಎಂಬ ಪಾಶ್ಚಾತ್ಯ ರಚನಕಾರರ ಕೃತಿಗಳನ್ನು ನುಡಿಸಿದರು. ಆರು ತಿಂಗಳ ಹಿಂದೆ ಕೂಡಿಕೊಂಡ ಈ ವೃಂದಕ್ಕೆ ಇದು ಮೊದಲ ಸಾರ್ವಜನಿಕ ಕಛೇರಿ. ವಾದಕರಲ್ಲಿ ವೈದ್ಯರಿದ್ದಾರೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರಿದ್ದಾರೆ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಒಬ್ಬರಿದ್ದಾರೆ, ಪಿಯುಸಿ ಓದುತ್ತಿರುವ ಮಕ್ಕಳಿದ್ದಾರೆ. ಸಂಗೀತದಿಂದಲೇ ಜೀವನ ನಡೆಸುವವರು ನಿರ್ದೇಶಕರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಭಾನುವಾರದ ಬೆಳಗುಗಳನ್ನು ಕೊಟ್ಟು ಅಭ್ಯಾಸ ಮಾಡಿದವರ ಮೊದಲ ಪ್ರಯತ್ನವಾದ್ದರಿಂದ ವೃಂದದ ಹೆಸರನ್ನಾಗಲಿ ವಾದಕರ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತೇನೆ. ಹವ್ಯಾಸಿಗಳೆಂಬ ಕಾರಣಕ್ಕೆ ರಿಯಾಯಿತಿ ತೋರಿಸಿದರೆ ಅವರು ಪಟ್ಟ ಶ್ರಮಕ್ಕೇ ಅಗೌರವ ತೋರಿದಂತಾಗುತ್ತದೆ.

ಆರ್ಕೆಸ್ಟ್ರಾ ಎಂದೊಡನೆ ನಮ್ಮ ಊರುಗಳಲ್ಲಿ ನೆನಪಾಗುವುದು ಗಣೇಶೋತ್ಸವದ ಪೆಂಡಾಲಿನಲ್ಲಿಯೋ ರಾಜ್ಯೋತ್ಸವದ ವೇದಿಕೆಯಲ್ಲಿಯೋ ಚಿತ್ರಗೀತೆಗಳನ್ನು ಹಾಡುವ ತಂಡ. ಚೇಂಬರ್ ಆರ್ಕೆಸ್ಟ್ರಾ ಬೇರೆಯದೇ ಆದದ್ದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಸಿಂಫನಿ ವೃಂದದಲ್ಲಿ ಎಂಬತ್ತು, ತೊಂಬತ್ತು ಮಂದಿ ಇರುತ್ತಾರೆ. ಕಹಳೆಗಳೂ ನಗಾರಿಗಳೂ ಸೇರಿ ದೊಡ್ಡ ರಂಗಮಂದಿರವನ್ನೇ ತುಂಬುತ್ತವೆ. ಚೇಂಬರ್ ವೃಂದ ಅದರ ನಾಲ್ಕನೆಯ ಒಂದು ಭಾಗವೋ ಅರ್ಧವೋ ಇರುತ್ತದೆ, ದೊಡ್ಡ ಕೋಣೆಯೊಂದರಲ್ಲಿ ಕುಳಿತು ಕೇಳುವುದಕ್ಕೆ ಹೊಂದುತ್ತದೆ. ಶನಿವಾರ ಇದ್ದದ್ದು ತಂತಿವಾದ್ಯಗಳು ಮಾತ್ರ: ಮೊದಲ ಪಿಟೀಲುಗಳು ಆರು, ಎರಡನೆಯ ಪಿಟೀಲುಗಳು ಐದು, ಪಿಟೀಲಿಗಿಂತ ತುಸು ದೊಡ್ಡದಾದ ವಯೊಲಾ ಮೂರು, ಅದಕ್ಕಿಂತ ದೊಡ್ಡದಾದ ಚೆಲ್ಲೊ ನಾಲ್ಕು, ಎಲ್ಲಕ್ಕಿಂತ ದೊಡ್ಡದಾದ ಡಬಲ್ ಬಾಸ್ ಒಂದು. ಇಷ್ಟು ಕಡಿಮೆ ಜನ ನುಡಿಸುವಾಗ ಯಾರ ತಪ್ಪಿಗೂ ಮರೆ ಇರುವುದಿಲ್ಲ. ಮೂರು ವಯೊಲಾಗಳಲ್ಲಿ ಒಂದು ಅಪಸ್ವರಕ್ಕೆ ಹೋದರೆ ಆ ವಿಭಾಗದ ಮೂರನೆಯ ಒಂದು ಭಾಗವೇ ತಪ್ಪಿದಂತೆ.

ಕೃತಿಗಳ ಆಯ್ಕೆಯಲ್ಲಿಯೇ ನನಗೆ ಈ ವೃಂದದ ವಿವೇಕ ಕಂಡಿತು. ಮೊಜಾರ್ಟ್ ಡಿವರ್ಟಿಮೆಂಟೊ ಎಂಬ ಲಘುಕೃತಿಯನ್ನು, ಅಂದರೆ ಆತನ ಕೃತಿಗಳಿಗೆ ಸಂಖ್ಯೆ ಕೊಟ್ಟ ಕೊಶೆಲ್ ಪಟ್ಟಿಯ 136ನೆಯದನ್ನು, 1772ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಬರೆದದ್ದು ಹದಿನಾರನೆಯ ವಯಸ್ಸಿನಲ್ಲಿ. ಎಲ್ಗಾರ್ ಅವರ ಸೆರೆನೇಡ್ ಎಂಬ ಹಗುರವಾದ ವಾದ್ಯಕೃತಿಯನ್ನು 1892ರಲ್ಲಿ ಮೊದಲು ನುಡಿಸಿದವರು ಇಂಗ್ಲೆಂಡಿನ ವೂಸ್ಟರ್ ಪಟ್ಟಣದ ಮಹಿಳೆಯರ ಒಂದು ವಾದ್ಯವೃಂದ ತರಗತಿಯವರು. ಆ ಪಟ್ಟಣದಲ್ಲಿ ಎಲ್ಗಾರ್ ಅವರ ತಂದೆಯ ಸಂಗೀತ ಸಾಮಗ್ರಿಗಳ ಅಂಗಡಿ ಇತ್ತು. ಹೋಲ್ಸ್ಟ್ ತಮ್ಮ ಸೇಂಟ್ ಪಾಲ್ಸ್ ಸ್ವೀಟನ್ನು, ಅಂದರೆ ಹಲವು ಬಿಡಿ ಭಾಗಗಳನ್ನು ಪೋಣಿಸಿದ ವಾದ್ಯಕೃತಿಯನ್ನು, ಬರೆದದ್ದು ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ತಾವು ಪಾಠ ಹೇಳುತ್ತಿದ್ದ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯ ವೃಂದಕ್ಕಾಗಿ. ಬಾಖ್ 1729ರಿಂದ ಲೈಪ್‌ಜಿಗ್‌ನಲ್ಲಿ ನಡೆಸಿದ ಕೊಲೀಜಿಯಂ ಮ್ಯೂಸಿಕಮ್ ಎಂಬ ಸಂಗೀತ ಕೂಟದಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಅವರ ಕಛೇರಿಗಳು ನಡೆಯುತ್ತಿದ್ದದ್ದು ಜಿಮ್ಮರ್‌ಮನ್ ಎಂಬುವರ ಕಾಫಿ ಮನೆಯಲ್ಲಿ. ಹೀಗೆ, ನಮಗೆ ದೂರದ ಮಹಾಪುರುಷರ ಸ್ವತ್ತಿನಂತೆ ಕಾಣುವ ಈ ಸಂಗೀತದ ಒಂದು ದೊಡ್ಡ ಭಾಗ ಶಾಲೆಗೆ, ಪಟ್ಟಣದ ಹವ್ಯಾಸಿಗಳಿಗೆ, ವಿದ್ಯಾರ್ಥಿಗಳಿಗೆ ಹೊಂದುವಂತೆ ಹುಟ್ಟಿಕೊಂಡದ್ದು. ಹೆಸರಾಂತ ವೃಂದಗಳ ಧ್ವನಿಮುದ್ರಿಕೆಗಳಲ್ಲಿ ಇವನ್ನು ಎಷ್ಟೋ ಸಲ ಕೇಳಿದ್ದೇನೆ. ಇವು ಕೈ ನಡುಗುವ, ಉಸಿರು ಬಿಗಿಹಿಡಿದು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಜನರ ಸಂಗೀತ ಎಂಬುದು ನನಗೆ ಅರ್ಥವಾದದ್ದು ಮಾತ್ರ ಶನಿವಾರವೇ.

ಆಯ್ಕೆಗೆ ಇನ್ನೊಂದು ವ್ಯಾವಹಾರಿಕ ಕಾರಣವೂ ಇತ್ತು ಎಂದು ಆಮೇಲೆ ತಿಳಿಯಿತು. ಎಲ್ಗಾರ್, ಹೋಲ್ಸ್ಟ್ ಇಬ್ಬರೂ ತೀರಿಕೊಂಡದ್ದು 1934ರಲ್ಲಿ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಕರ್ತೃವಿನ ಮರಣದ ನಂತರ 60 ವರ್ಷಕ್ಕೆ ಮುಗಿಯುವುದರಿಂದ ನಾಲ್ಕೂ ಕೃತಿಗಳ ಸ್ವರಲಿಪಿಯನ್ನು ಹಣ ಕೊಡದೆ ಮುದ್ರಿಸಿಕೊಳ್ಳಬಹುದು. ಹೊಸ ವೃಂದಕ್ಕೆ ಇದು ಸಣ್ಣ ಉಳಿತಾಯವಲ್ಲ.

ಟಿಕೆಟ್ ಬೆಲೆ 300 ರೂಪಾಯಿ, ವಿದ್ಯಾರ್ಥಿಗಳಿಗೆ 100. ಸುಮಾರು ಇನ್ನೂರು ಕುರ್ಚಿಗಳನ್ನು ಹಾಕಿದ್ದರು, ಮುಕ್ಕಾಲು ಪಾಲು ತುಂಬಿತ್ತು. ಆರೂವರೆಗೆ ಎಂದದ್ದು ಆರೂವರೆಗೇ ಆರಂಭವಾಯಿತು. ಸಮಯಕ್ಕೆ ಕೊಟ್ಟ ಈ ಬೆಲೆಯನ್ನು ನಮ್ಮ ಇತರ ಸಭೆಗಳೂ ಗಮನಿಸಬೇಕು. ಸಭಾಂಗಣದ ಮಾಡು ಎತ್ತರವಾಗಿದೆ, ನೆಲಕ್ಕೆ ಕಲ್ಲು ಹಾಸಿದೆ, ಆದ್ದರಿಂದ ಮೈಕ್ ಇಲ್ಲದೆಯೇ ಹಿಂದಿನ ಸಾಲಿನವರೆಗೂ ನಾದ ಮುಟ್ಟುತ್ತದೆ. ನಾನು ಮೊದಲ ಅರ್ಧಕ್ಕೆ ಐದನೆಯ ಸಾಲಿನಲ್ಲಿಯೂ ಎರಡನೆಯ ಅರ್ಧಕ್ಕೆ ಕೊನೆಯಿಂದ ಮೂರನೆಯ ಸಾಲಿನಲ್ಲಿಯೂ ಕುಳಿತು ನೋಡಿದೆ. ಮುಂದೆ ಕುಳಿತರೆ ಪ್ರತಿ ಕಮಾನಿನ ಎಳೆತವೂ ಬಿಡಿಬಿಡಿಯಾಗಿ ಕೇಳುತ್ತದೆ. ಹಿಂದೆ ಕುಳಿತರೆ ಎಲ್ಲವೂ ಬೆರೆತು ದುಂಡಗಾಗಿ ಬರುತ್ತದೆ. ಮೊದಲ ಬಾರಿ ಹೋಗುವವರು ಹಿಂದೆಯೇ ಕುಳಿತುಕೊಳ್ಳುವುದು ಒಳ್ಳೆಯದು. ಛಾವಣಿಯ ಫ್ಯಾನುಗಳ ತೊಂದರೆ ಮಾತ್ರ ತಪ್ಪಲಿಲ್ಲ. ಹಾಕಿದರೆ ಗರಗರ ಸದ್ದು, ಜೊತೆಗೆ ಸ್ವರಲಿಪಿಯ ಹಾಳೆಗಳು ಹಾರುತ್ತವೆ, ನಿಲ್ಲಿಸಿದರೆ ಸೆಕೆ. ವಾದಕರು ಹಾಳೆಗಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಿಕ್ಕಿಸಿಕೊಂಡಿದ್ದರು, ಪುಟ ತಿರುಗಿಸುವಾಗಲೆಲ್ಲ ಅವನ್ನು ತೆಗೆದು ಹಾಕಬೇಕಾಗಿ ಬಂದು ಒಂದೆರಡು ಕಡೆ ಸ್ವರಗಳೇ ತಪ್ಪಿಹೋದವು.

ಮಧ್ಯಾಹ್ನ ಮಳೆ ಸುರಿದಿತ್ತು. ತೇವ ತುಂಬಿದ ಗಾಳಿಯಲ್ಲಿ ಪಿಟೀಲಿನ ಶ್ರುತಿ ಹೇಗೆ ಕದಲುತ್ತದೆ ಎಂಬುದು ಬಾಲ್ಯದಲ್ಲಿ ಮೈಸೂರಿನಲ್ಲಿ ಏಳು ವರ್ಷ ಆ ವಾದ್ಯ ಕಲಿತ ನನಗೆ ಗೊತ್ತು. ನಾವು ಕರ್ನಾಟಕ ಪದ್ಧತಿಯಲ್ಲಿ ನಾಲ್ಕು ತಂತಿಗಳನ್ನು ಷಡ್ಜ, ಪಂಚಮ, ಷಡ್ಜ, ಪಂಚಮಗಳಿಗೆ ಹೊಂದಿಸಿಕೊಳ್ಳುತ್ತೇವೆ. ತಂಬೂರಿಯ ನಾದ ಕಛೇರಿಯುದ್ದಕ್ಕೂ ಬೆನ್ನಿಗೆ ಇರುತ್ತದೆ, ತಪ್ಪಿದರೆ ಅದು ಕೈ ಹಿಡಿದು ತಿದ್ದುತ್ತದೆ. ಈ ಸಂಗೀತದಲ್ಲಿ ಆ ಆಸರೆಯಿಲ್ಲ. ಆರಂಭದಲ್ಲಿ ಮುಖ್ಯ ಪಿಟೀಲುವಾದಕಿ ಒಂದು ಸ್ವರವನ್ನು ನೀಡುತ್ತಾರೆ, ಉಳಿದವರು ತಮ್ಮ ತಮ್ಮ ತಂತಿಗಳನ್ನು ಒಂದೊಂದು ಪಂಚಮದ ಅಂತರದಲ್ಲಿ, ಡಬಲ್ ಬಾಸ್ ಮಾತ್ರ ಒಂದೊಂದು ಮಧ್ಯಮದ ಅಂತರದಲ್ಲಿ, ಕೂಡಿಸಿಕೊಳ್ಳುತ್ತಾರೆ, ಅಲ್ಲಿಂದ ಮುಂದೆ ಹತ್ತೊಂಬತ್ತು ಜನರ ಕಿವಿಗಳೇ ತಂಬೂರಿ. ಮೊದಲ ಸಲ ಶ್ರುತಿ ಸೇರಿಸಲು ತುಸು ಆತುರಪಟ್ಟರು. ಅದರ ಫಲ ಮೊಜಾರ್ಟ್‌ನಲ್ಲಿ ಕೇಳಿಬಂತು.

ಡಿವರ್ಟಿಮೆಂಟೊದ ಮೊದಲ ಭಾಗ ವೇಗದ್ದು. ಮೇಲಿನಿಂದ ಇಳಿದು ಓಡುವ ಸ್ವರಗಳ ಭಾರವೆಲ್ಲ ಮೊದಲ ಪಿಟೀಲುಗಳ ಮೇಲೆ ಬೀಳುತ್ತದೆ; ಕೆಳಗಿನ ವಾದ್ಯಗಳು ಒಂದೇ ಸಮನೆ ಕಾಲ ಹಿಡಿದು ನಿಲ್ಲಬೇಕು. ಇಲ್ಲಿ ಮೇಲಿನವರು ಓಡಿದರು, ಕೆಳಗಿನವರು ಅವರನ್ನು ತಡೆಯುವ ಬದಲು ಬೆನ್ನಟ್ಟಿದರು, ಹೀಗಾಗಿ ಮುಗಿಯುವ ವೇಳೆಗೆ ಕಾಲಪ್ರಮಾಣ ಆರಂಭದಲ್ಲಿದ್ದದ್ದಕ್ಕಿಂತ ಸ್ಪಷ್ಟವಾಗಿ ಏರಿತ್ತು. ಉತ್ಸಾಹದಲ್ಲಿ ಅದನ್ನು ಸಹಿಸಬಹುದು. ನಿಜವಾದ ಕಷ್ಟ ಕಾಣಿಸಿದ್ದು ನಿಧಾನವಾದ ಎರಡನೆಯ ಭಾಗದಲ್ಲಿ. ಓಟದಲ್ಲಿ ಮರೆಯಾಗುವ ಅಪಸ್ವರ ವಿಳಂಬದಲ್ಲಿ ನಿಂತು ಮುಖ ತೋರಿಸುತ್ತದೆ. ಆರು ಪಿಟೀಲುಗಳು ಒಂದೇ ಸ್ವರವನ್ನು ಹಿಡಿದು ನಿಂತಾಗ ಅದು ಒಂದು ಸ್ವರವಾಗಿ ಅಲ್ಲ, ಅಂಚು ಮಸುಕಾದ ಒಂದು ಪಟ್ಟಿಯಾಗಿ ಕೇಳಿಸಿತು. ಒಬ್ಬಿಬ್ಬರು ಆ ಅನುಮಾನವನ್ನು ಬೆರಳಿನ ಕಂಪನದಿಂದ, ಅಂದರೆ ವೈಬ್ರಾಟೊದಿಂದ, ಮುಚ್ಚಲು ನೋಡಿದರು. ನಮ್ಮ ಗಮಕಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಗಮಕ ರಾಗದ ಒಡಲಿನಿಂದ ಬರುತ್ತದೆ, ಅದಿಲ್ಲದಿದ್ದರೆ ರಾಗವೇ ಇಲ್ಲ. ವೈಬ್ರಾಟೊ ನಾದಕ್ಕೆ ಮೆರುಗು ಕೊಡಲು ಹಚ್ಚುವಂಥದ್ದು, ಸ್ಥಾನ ತಪ್ಪಿದ ಸ್ವರಕ್ಕೆ ಅದನ್ನು ಹಚ್ಚಿದರೆ ತಪ್ಪು ಇನ್ನಷ್ಟು ಎದ್ದು ಕಾಣುತ್ತದೆ. ಮೂರನೆಯ ಭಾಗದ ನಡುವೆ ಒಂದು ಚಿಕ್ಕ ಎಳೆಯನ್ನು ವಾದ್ಯಗಳು ಒಂದರ ಹಿಂದೊಂದು ಎತ್ತಿಕೊಂಡು ಬರುವ ಕಡೆ ಮಾತ್ರ ಎರಡನೆಯ ಪಿಟೀಲುಗಳು ಖಚಿತವಾಗಿ, ಧೈರ್ಯವಾಗಿ ಪ್ರವೇಶಿಸಿದವು. ವೃಂದ ಮೊದಲ ಸಲ ಒಂದಾಗಿ ಉಸಿರಾಡಿದ್ದು ಅಲ್ಲಿ.

ಮೊಜಾರ್ಟ್ ಕೃತಿಯ ಮೊದಲ ಭಾಗ ಮುಗಿದೊಡನೆ ಸಭೆಯಲ್ಲಿ ಅರ್ಧದಷ್ಟು ಜನ ಚಪ್ಪಾಳೆ ತಟ್ಟಿದರು, ಉಳಿದ ಅರ್ಧ ಜನ ಅವರತ್ತ ತಿರುಗಿ ನೋಡಿದರು. ಕೃತಿಯ ಭಾಗಗಳ ನಡುವೆ ಕೈ ತಟ್ಟಬಾರದೆಂಬುದು ಇಂದಿನ ಪದ್ಧತಿ. ಆದರೆ ಅದು ಮೊಜಾರ್ಟ್‌ನ ಕಾಲದ್ದಲ್ಲ. 1778ರಲ್ಲಿ ಪ್ಯಾರಿಸಿನಿಂದ ತಂದೆಗೆ ಬರೆದ ಪತ್ರದಲ್ಲಿ, ತನ್ನ ಸಿಂಫನಿಯ ಮೊದಲ ಭಾಗ ನಡೆಯುತ್ತಿರುವಾಗಲೇ ಜನ ಮೆಚ್ಚಿ ಕೈ ತಟ್ಟಿದ್ದನ್ನು ಆತ ಸಂತೋಷದಿಂದ ವರದಿ ಮಾಡಿದ್ದಾನೆ. ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್ ಮುಗಿಯುತ್ತಿದ್ದ ಹಾಗೆ 'ಭಲೇ' ಎನ್ನುವ, ಒಳ್ಳೆಯ ಸಂಗತಿಗೆ ತಲೆದೂಗುವ ಸಭೆಯಿಂದ ಬಂದ ನಮಗೆ ಆ ಮೌನ ಸಹಜವಲ್ಲ. ನನ್ನ ಪಕ್ಕದಲ್ಲಿ, ಕೋಟೆ ಹೈಸ್ಕೂಲಿನ ರಾಮನವಮಿ ಕಛೇರಿಗಳನ್ನು ತಪ್ಪದೆ ಕೇಳುವ ಹಿರಿಯರೊಬ್ಬರು ಕುಳಿತಿದ್ದರು. "ಏನಮ್ಮಾ, ಇಲ್ಲಿ ತಾಳ ಹಾಕಿದರೆ ತಪ್ಪಾಗುತ್ತದೆಯೇ?" ಎಂದು ಮೆಲ್ಲಗೆ ಕೇಳಿದರು. ಸದ್ದಾಗದ ಹಾಗೆ ಬೆರಳಿನಲ್ಲಿ ಎಣಿಸಬಹುದು ಎಂದು ಹೇಳಿದೆ. ಆಮೇಲೆ ಕೊನೆಯವರೆಗೂ ಅವರ ಬೆರಳುಗಳು ಮಡಿಲಲ್ಲಿ ಆಡುತ್ತಲೇ ಇದ್ದವು. ನಿರ್ದೇಶಕರು ಆರಂಭದಲ್ಲಿ ಎರಡು ಮಾತು ಹೇಳಿ ಈ ಗೊಂದಲವನ್ನು ತಪ್ಪಿಸಬಹುದಿತ್ತು.

ಬಾಖ್ ಅವರ ಎರಡು ಪಿಟೀಲುಗಳ ಕನ್ಸರ್ಟೊದಲ್ಲಿ, ಅಂದರೆ ಮುಖ್ಯ ವಾದಕರಿಗೆ ವೃಂದ ಜೊತೆಗೂಡುವ ಕೃತಿಯಲ್ಲಿ, ನಿರ್ದೇಶಕರು ಕೀಬೋರ್ಡಿಗೆ ಕುಳಿತರು. ವೃಂದವನ್ನು ನಡೆಸಿದವರು ಇಬ್ಬರು ಮುಖ್ಯ ವಾದಕರೇ: ಐವತ್ತು ದಾಟಿದ ಒಬ್ಬ ವೈದ್ಯರು, ಪಿಯುಸಿಯ ಒಬ್ಬ ಹುಡುಗಿ. ಈ ಕೃತಿಯ ಸೊಬಗಿರುವುದು ಇಬ್ಬರಲ್ಲಿ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ ಎಂಬುದರಲ್ಲಿ. ಒಬ್ಬರು ಹಿಡಿದ ಎಳೆಯನ್ನು ಮತ್ತೊಬ್ಬರು ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಮೊದಲಿನವರು ಬೇರೆ ಮಾತು ಆರಂಭಿಸಿರುತ್ತಾರೆ. ನಿಧಾನವಾದ ನಡುವಿನ ಭಾಗವನ್ನು ಆರಂಭಿಸುವುದೂ ಎರಡನೆಯ ಪಿಟೀಲೇ; ಅದನ್ನು ಹುಡುಗಿಗೆ ಕೊಟ್ಟಿದ್ದರು. ಕಮಾನನ್ನು ಒತ್ತದೆ, ಉದ್ದಕ್ಕೆ ಎಳೆದು, ಇಳಿದು ಬರುವ ಆ ಸಾಲನ್ನು ಆಕೆ ಎಲ್ಲಿಯೂ ಅಲುಗಾಡದಂತೆ ಇಳಿಸಿದಳು. ಅದೇ ಸಾಲನ್ನು ಮೇಲೆ ಎತ್ತಿಕೊಂಡ ವೈದ್ಯರು ತಮ್ಮ ನಾದವನ್ನು ಆಕೆಯದಕ್ಕಿಂತ ಒಂದು ಎಳೆಯಷ್ಟೂ ಹೆಚ್ಚು ಮಾಡಲಿಲ್ಲ. ಜೋಡಿ ಪಿಟೀಲುಗಳ ಕಛೇರಿಗಳನ್ನು ನಾನು ಬಹಳ ಕೇಳಿದ್ದೇನೆ. ಹಿರಿಯರು ಕಿರಿಯರೊಡನೆ ನುಡಿಸುವಾಗ ತಮ್ಮ ವಿದ್ವತ್ತನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ಅಪರೂಪ. ಇಡೀ ಸಂಜೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಆರೇಳು ನಿಮಿಷಗಳು ಇವು.

ಮೂರನೆಯ ಭಾಗ ಅಷ್ಟು ಸುಭದ್ರವಾಗಿರಲಿಲ್ಲ. ಮುಖ್ಯ ವಾದಕರಿಬ್ಬರೂ ಎರಡೆರಡು ತಂತಿಗಳನ್ನು ಒಟ್ಟಿಗೆ ನುಡಿಸುತ್ತ ನಿಲ್ಲುವ, ಆ ಹೊತ್ತಿಗೆ ವೃಂದವೇ ಮುಖ್ಯ ಎಳೆಯನ್ನು ವಹಿಸಿಕೊಳ್ಳುವ ಒಂದು ಕಡೆ ಇದೆ. ಅಲ್ಲಿ ವೃಂದ ಮುಂದೆ ಬರಬೇಕಿತ್ತು. ಅವರು ಇನ್ನೂ ತಾವು ಪಕ್ಕವಾದ್ಯದವರು ಎಂಬ ಸಂಕೋಚದಲ್ಲಿಯೇ ಉಳಿದರು. ಇನ್ನೊಂದು ದೋಷ ಕೀಬೋರ್ಡಿನದು. ಹಾರ್ಪ್ಸಿಕಾರ್ಡ್ ಎಂಬ ಹಳೆಯ ವಾದ್ಯ ಇಲ್ಲಿ ಸುಲಭವಾಗಿ ಸಿಗುವುದಿಲ್ಲ, ಅದರ ನಾದವನ್ನು ಎಲೆಕ್ಟ್ರಾನಿಕ್ ಕೀಬೋರ್ಡಿನಿಂದ ತಂದದ್ದು ಸರಿಯೇ. ಆದರೆ ಅದರ ಸ್ಪೀಕರನ್ನು ಎಡಗಡೆಯ ಗೋಡೆಗೆ ಒರಗಿಸಿ ಇಟ್ಟಿದ್ದರಿಂದ, ಉಳಿದ ಹತ್ತೊಂಬತ್ತು ವಾದ್ಯಗಳು ಎದುರಿನಿಂದ ಕೇಳಿಸಿದರೆ ಇದೊಂದು ಮಾತ್ರ ಪಕ್ಕದ ಕೋಣೆಯಿಂದ ಬಂದಂತಿತ್ತು. ಸ್ಪೀಕರನ್ನು ಚೆಲ್ಲೊಗಳ ಹಿಂದೆ, ನೆಲದ ಮೇಲೆ ಇಟ್ಟು ಸದ್ದನ್ನು ಅರ್ಧಕ್ಕೆ ಇಳಿಸಿದರೆ ಸಾಕು.

ವಿರಾಮದಲ್ಲಿ ಹೊರಗಿನ ಜಗಲಿಯಲ್ಲಿ ಕಾಫಿಯೂ ಕೇಕೂ ಇದ್ದವು. ಅಲ್ಲಿಯೇ ವಯೊಲಾ ನುಡಿಸುವ ಒಬ್ಬರೊಡನೆ ಮಾತಾಡುವ ಅವಕಾಶ ಸಿಕ್ಕಿತು. ಮೂವರೂ ಮೊದಲು ಪಿಟೀಲುವಾದಕರೇ. ವಯೊಲಾ ನುಡಿಸುವವರು ಯಾರೂ ಸಿಗದೆ, ವೃಂದಕ್ಕಾಗಿ ಆ ವಾದ್ಯಕ್ಕೆ ಬದಲಾದರು. ಪಿಟೀಲಿಗಿಂತ ಅದು ದೊಡ್ಡದು, ಒಂದು ಪಂಚಮದಷ್ಟು ಕೆಳಗಿನ ಶ್ರುತಿಯದು, ಬೆರಳುಗಳ ಅಂತರ ಹೆಚ್ಚು. ಅದರ ಸ್ವರಲಿಪಿಯ ಓದೂ ಬೇರೆ, ಅದೇ ಗೆರೆಯ ಮೇಲೆ ಬೇರೆ ಸ್ವರ ಇರುತ್ತದೆ. ಕನ್ನಡ ಬಲ್ಲವರು ತೆಲುಗು ಓದಲು ಹೊರಟ ಹಾಗೆ ಅಕ್ಷರ ಪರಿಚಿತವೆನಿಸುತ್ತದೆ, ಆದರೂ ತಡವರಿಸುತ್ತದೆ ಎಂದು ಅವರು ಹೇಳಿದರು. ಮೂರು ತಿಂಗಳಲ್ಲಿ ಇಷ್ಟು ಸಾಧಿಸಿದ್ದಾರೆ ಎಂಬುದನ್ನು ಕೇಳಿ ನನಗೆ ಗೌರವ ಹೆಚ್ಚಿತು.

ಕೈಗೆ ಕೊಟ್ಟ ಕಾರ್ಯಕ್ರಮ ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಇದು ನನಗೆ ನೋವುಂಟುಮಾಡಿತು. ಸಮುದಾಯದ ವೃಂದ ಎಂದು ಕರೆದುಕೊಂಡ ಮೇಲೆ ಯಾವ ಊರಿನ ಸಮುದಾಯವೋ ಆ ಊರಿನ ಭಾಷೆಯಲ್ಲಿ ಒಂದು ಪುಟವಾದರೂ ಇರಬೇಕು. ಈ ಸಂಗೀತವನ್ನು ಕನ್ನಡದಲ್ಲಿ ವಿವರಿಸುವುದು ಕಷ್ಟವೂ ಅಲ್ಲ. ಮೊಜಾರ್ಟ್ ಡಿವರ್ಟಿಮೆಂಟೊದ ಸ್ವರಗಳು ನಮ್ಮ ಶಂಕರಾಭರಣದ್ದು, ಬಾಖ್ ಕನ್ಸರ್ಟೊದಲ್ಲಿ ಮತ್ತೆ ಮತ್ತೆ ಕೀರವಾಣಿಯ ಛಾಯೆ ಕೇಳುತ್ತದೆ, ಆದರೆ ಇವು ರಾಗಗಳಲ್ಲ, ಏಕೆಂದರೆ ಇಲ್ಲಿ ಭಾವ ಹುಟ್ಟುವುದು ಒಂದು ಎಳೆಯ ಬಾಗುಬಳುಕಿನಿಂದ ಅಲ್ಲ, ಹಲವು ಎಳೆಗಳು ಒಂದೇ ಕ್ಷಣದಲ್ಲಿ ಕೂಡುವುದರಿಂದ, ಬಿಡುವುದರಿಂದ: ಇಷ್ಟು ಹೇಳಿದರೆ ನಮ್ಮ ಯಾವ ಶ್ರೋತೃವಿಗೂ ಬಾಗಿಲು ತೆರೆಯುತ್ತದೆ. ಈ ನಾಡಿಗೆ ಈ ಸಂಗೀತ ಹೊಸತಲ್ಲ ಎಂಬ ಮಾತೂ ಆ ಪತ್ರಿಕೆಯಲ್ಲಿ ಇರಬಹುದಿತ್ತು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಅವರೇ ಪಿಯಾನೊ ಕಲಿತವರು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದು ಅವರ ಧನಸಹಾಯದಿಂದ. ಬೆಂಗಳೂರಿನಲ್ಲಿಯೇ 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಸಂಗೀತದ ಪಾಠ ಹೇಳುತ್ತ ಬಂದಿದೆ.

ಎರಡನೆಯ ಅರ್ಧಕ್ಕೆ ಶ್ರುತಿ ಸೇರಿಸಲು ಪೂರ್ತಿ ನಾಲ್ಕು ನಿಮಿಷ ತೆಗೆದುಕೊಂಡರು, ಒಂದೊಂದು ವಿಭಾಗವನ್ನೂ ಬೇರೆ ಬೇರೆಯಾಗಿ ಕೇಳಿ ತಿದ್ದಿದರು. ಆ ನಾಲ್ಕು ನಿಮಿಷಗಳು ಸಂಜೆಯ ದಿಕ್ಕನ್ನೇ ಬದಲಿಸಿದವು. ಎಲ್ಗಾರ್ ಸೆರೆನೇಡ್ ಆರಂಭವಾಗುವುದು ವಯೊಲಾಗಳ ಒಂದು ತೂಗುವ ಲಯದಿಂದ. ಮೂರೇ ವಯೊಲಾಗಳು, ಆದರೆ ಅವು ಒಂದೇ ಕೈಯಿಂದ ಬಂದಂತೆ ನುಡಿದವು. ಎರಡನೆಯ ಭಾಗವಾದ ಲಾರ್ಗೆಟೊ ನಿಧಾನವಾದದ್ದು, ಮಾತು ಕಡಿಮೆ ಮಾಡಿಕೊಂಡು ಮನಸ್ಸು ಬಿಚ್ಚುವಂಥದ್ದು. ಮೊಜಾರ್ಟ್‌ನ ವಿಳಂಬದಲ್ಲಿ ತಡವರಿಸಿದ ಅದೇ ಆರು ಪಿಟೀಲುಗಳು ಇಲ್ಲಿ ಕಮಾನಿನ ತೂಕವನ್ನು ಇಳಿಸಿ, ವೈಬ್ರಾಟೊವನ್ನು ಬಹಳ ಮಿತಗೊಳಿಸಿ, ಒಬ್ಬರು ಇನ್ನೊಬ್ಬರ ನಾದದ ಒಳಗೆ ತಮ್ಮದನ್ನು ಇಡುವಂತೆ ನುಡಿಸಿದವು. ಅಪಸ್ವರ ಪೂರ್ತಿಯಾಗಿ ಹೋಗಿರಲಿಲ್ಲ, ತಾರಸ್ಥಾಯಿಗೆ ಏರುವ ಎರಡು ಕಡೆ ಸ್ವರ ಸ್ವಲ್ಪ ಕೆಳಗೇ ಉಳಿಯಿತು. ಆದರೆ ತಪ್ಪಿದವರು ಆ ಕ್ಷಣವೇ ಕೇಳಿಸಿಕೊಂಡು ಸರಿದರು, ಆ ಸರಿಯುವಿಕೆಯೂ ನಮಗೆ ಕೇಳಿಸಿತು. ಕೊನೆಯ ಸ್ವರ ಆರಿದ ಮೇಲೆ ಯಾರೂ ಕೈ ತಟ್ಟಲಿಲ್ಲ. ಪದ್ಧತಿಗೆ ಅಂಜಿ ಸುಮ್ಮನಿದ್ದದ್ದಲ್ಲ ಅದು. ಹೊರಗೆ ಮರದಿಂದ ತೊಟ್ಟಿಕ್ಕುವ ಮಳೆಹನಿಯ ಸದ್ದು ಒಳಗೆ ಕೇಳುವಷ್ಟು ಸಭೆ ಆ ನಾದದೊಳಗೆ ಇತ್ತು. ಮೂರನೆಯ ಭಾಗದ ಬಗ್ಗೆ ಹೇಳಲು ಹೆಚ್ಚಿಲ್ಲ, ಚೆನ್ನಾಗಿಯೇ ಬಂತು.

ಹೋಲ್ಸ್ಟ್ ಅವರನ್ನು ಕೊನೆಗೆ ಇಟ್ಟದ್ದು ಸರಿಯಾಗಿತ್ತು. ಇವರು ಸಂಸ್ಕೃತ ಕಲಿತು, ಋಗ್ವೇದದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದುಕೊಂಡು ಸಂಗೀತಕ್ಕೆ ಅಳವಡಿಸಿದವರು, ಮಹಾಭಾರತದ ಸಾವಿತ್ರಿಯ ಕಥೆಯನ್ನು ಕಿರು ಒಪೆರಾ ಮಾಡಿದವರು. ನಮ್ಮ ಶ್ರೋತೃಗಳಿಗೆ ಇದಕ್ಕಿಂತ ಒಳ್ಳೆಯ ಪರಿಚಯ ಯಾವುದಿದೆ? ಆದರೂ ಪತ್ರಿಕೆಯಲ್ಲಿ ಅದರ ಸುಳಿವೇ ಇರಲಿಲ್ಲ. ಹೋಲ್ಸ್ಟ್ ಆ ಬಾಲಕಿಯರ ಶಾಲೆಗೆ 1905ರಲ್ಲಿ ಸೇರಿ ಜೀವನದ ಕೊನೆಯವರೆಗೂ ಅಲ್ಲಿಯೇ ಇದ್ದರು, ಕೆಲಸಗಾರರಿಗಾಗಿ ಸಂಜೆ ಪಾಠ ನಡೆಸುತ್ತಿದ್ದ ಮಾರ್ಲಿ ಕಾಲೇಜಿನಲ್ಲಿಯೂ ಕಲಿಸಿದರು. ಹವ್ಯಾಸಿಗಳ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಈ ಸ್ವೀಟೇ ಸಾಕ್ಷಿ. ಕೆಳಗಿನ ವಾದ್ಯಗಳಿಗೂ ಬೇಸರವಾಗದಂತೆ ಎಲ್ಲರಿಗೂ ಒಂದಲ್ಲ ಒಂದು ಕಡೆ ಮುಖ್ಯ ಎಳೆಯ ಭಾಗ್ಯ ಸಿಗುತ್ತದೆ.

ಮೊದಲ ಭಾಗ ಜಿಗ್ ಎಂಬ ಕುಣಿತ. ಮೂರು ಮೂರರ ಗುಂಪುಗಳಲ್ಲಿ ಸಾಗುವ ಅದರ ಲಯ ಒಮ್ಮೆ ಎರಡು ಎಣಿಕೆಗೂ ಇನ್ನೊಮ್ಮೆ ಮೂರು ಎಣಿಕೆಗೂ ತಿರುಗುತ್ತಿರುತ್ತದೆ. ವಿರಾಮದ ನಂತರ ನನ್ನೊಡನೆ ಹಿಂದಕ್ಕೆ ಬಂದು ಕುಳಿತಿದ್ದ ಆ ಹಿರಿಯರ ಬೆರಳು ಒಂದು ಕ್ಷಣ ನಿಂತಿತು, ಮರುಕ್ಷಣ ಲೆಕ್ಕ ಸಿಕ್ಕಿ ಮುಖ ಅರಳಿತು. ವೃಂದದ ಲಯಜ್ಞಾನ ಇಲ್ಲಿ ಬಹಳ ಗಟ್ಟಿಯಾಗಿತ್ತು; ಮೊಜಾರ್ಟ್‌ನಲ್ಲಿ ಕಂಡ ಓಟ ಇಲ್ಲಿ ಇರಲಿಲ್ಲ. ಎರಡನೆಯ ಭಾಗದಲ್ಲಿ ಎರಡನೆಯ ಪಿಟೀಲುಗಳು ತಂತಿಗಳನ್ನು ಹೊರುವ ಸೇತುವೆಗೆ ನಾದ ತಗ್ಗಿಸುವ ಮ್ಯೂಟ್ ಹಾಕಿಕೊಂಡು ಒಂದೇ ಚಿಕ್ಕ ಸ್ವರಗುಚ್ಛವನ್ನು ಬಿಡದೆ ಸುತ್ತುತ್ತವೆ. ಕೇಳುವವರಿಗೆ ಅದು ಸುಲಭವೆನಿಸುತ್ತದೆ, ನುಡಿಸುವವರಿಗೆ ಮಣಿಕಟ್ಟು ಸೋಲುತ್ತದೆ. ಆ ಐವರಿಗೆ ಪ್ರತ್ಯೇಕವಾಗಿ ಅಭಿನಂದನೆ ಸಲ್ಲಬೇಕು. ನಾಲ್ಕನೆಯ ಭಾಗದಲ್ಲಿ ಡಾರ್ಗಸನ್ ಎಂಬ ಹಳೆಯ ಇಂಗ್ಲಿಷ್ ಕುಣಿತದ ಮಟ್ಟು, ಕೊನೆಯೇ ಇಲ್ಲದಂತೆ ಹಿಂದಕ್ಕೆ ಬಂದು ಮತ್ತೆ ಆರಂಭವಾಗುತ್ತಿರುತ್ತದೆ. ಅದರ ನಡುವೆ ಚೆಲ್ಲೊಗಳು ಗ್ರೀನ್‌ಸ್ಲೀವ್ಸ್ ಎಂಬ ಇನ್ನೊಂದು ಹಳೆಯ ಹಾಡನ್ನು ಎತ್ತಿಕೊಳ್ಳುತ್ತವೆ. ಒಂದೇ ಕಾಲಮಾನವನ್ನು ಕುಣಿತ ಎರಡಾಗಿ ಒಡೆಯುತ್ತದೆ, ಹಾಡು ಮೂರಾಗಿ ಒಡೆಯುತ್ತದೆ, ಎರಡೂ ಒಂದಕ್ಕೊಂದು ತಾಗದೆ ಜೊತೆಯಾಗಿ ಸಾಗುತ್ತವೆ. ನಾಲ್ಕು ಚೆಲ್ಲೊಗಳು ಆ ಹಾಡನ್ನು ಎದೆ ತುಂಬಿ ಹಾಡಿದವು. ಡಬಲ್ ಬಾಸ್ ಮಾತ್ರ ಒಂಟಿಯಾದ್ದರಿಂದ ಈ ಜೋರಿನಲ್ಲಿ ಅಡಗಿಹೋಯಿತು. ಇನ್ನೊಂದು ಬಾಸ್ ದೊರೆಯುವವರೆಗೆ ಚೆಲ್ಲೊಗಳಲ್ಲಿ ಒಂದನ್ನು ಅದರ ಪಕ್ಕಕ್ಕೆ ಕೂರಿಸಿ ಬೆಂಬಲ ಕೊಡಬಹುದು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಮೇಲೆ, ಪತ್ರಿಕೆಯಲ್ಲಿ ಇಲ್ಲದ ಒಂದನ್ನು ನುಡಿಸಿದರು: ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರ, 'ಶ್ಯಾಮಲೇ ಮೀನಾಕ್ಷಿ'. ದೀಕ್ಷಿತರು ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಕೇಳಿದ ಐರೋಪ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರು. ಈ ನೋಟುಸ್ವರದ ಮಟ್ಟು ಫ್ರೆಂಚರದು, ಮೊಜಾರ್ಟ್ ಪಿಯಾನೊಗಾಗಿ ಹನ್ನೆರಡು ಬಗೆಯಲ್ಲಿ ಬೆಳೆಸಿ ಬರೆದದ್ದೂ ಇದನ್ನೇ. ಆಯ್ಕೆ ಅಷ್ಟು ಚೆನ್ನಾಗಿದ್ದರೂ ವಾದ್ಯಗಳಿಗೆ ಹೊಂದಿಸಿದ ರೀತಿ ನನಗೆ ಒಪ್ಪಿಗೆಯಾಗಲಿಲ್ಲ. ಮೊದಲ ಸುತ್ತಿನಿಂದಲೇ ಕೆಳಗಿನ ವಾದ್ಯಗಳಿಗೆ ದಟ್ಟವಾದ ಸ್ವರಗಳನ್ನು ತುಂಬಿದ್ದರಿಂದ ಮಟ್ಟಿನ ಸರಳತೆ ಮುಚ್ಚಿಹೋಯಿತು. ಒಂದು ಸುತ್ತನ್ನು ಬರಿಯ ಪಿಟೀಲುಗಳಿಗೆ ಬಿಟ್ಟು ನಂತರ ಒಬ್ಬೊಬ್ಬರನ್ನಾಗಿ ಸೇರಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹಾಗಿದ್ದರೂ ಸಭೆಯ ಹಿಂಬದಿಯಿಂದ ಮೂರು ನಾಲ್ಕು ದನಿಗಳು ಸಾಹಿತ್ಯವನ್ನು ಗುನುಗತೊಡಗಿದವು. ಅವುಗಳಲ್ಲಿ ನನ್ನ ಪಕ್ಕದ ಹಿರಿಯರದೂ ಒಂದು.

ಕಛೇರಿ ವಿರಾಮವೂ ಸೇರಿ ಒಂದೂವರೆ ಗಂಟೆಗೆ ಮುಗಿಯಿತು. ವಾಹನ ನಿಲ್ಲಿಸಲು ಜಾಗ ಬಹಳ ಕಡಿಮೆ, ಮೆಟ್ರೊದಲ್ಲಿ ಹೋಗುವುದೇ ಲೇಸು. ಮೂರು ಮೆಟ್ಟಿಲುಗಳಿರುವ ಬಾಗಿಲಿಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಇಲ್ಲ. ಸ್ವಯಂಸೇವಕರು ಎತ್ತಿ ಒಳಗೆ ತಂದರು, ಆದರೆ ಬಂದವರು ಎತ್ತಿಸಿಕೊಳ್ಳಬೇಕಾಗಿ ಬರಬಾರದು, ಮುಂದಿನ ಸಲಕ್ಕೆ ಒಂದು ಹಲಗೆಯ ಏರ್ಪಾಡಾದರೂ ಆಗಲಿ. ಮುಂದಿನ ಕಛೇರಿ ಇನ್ನು ಮೂರು ತಿಂಗಳಿಗೆ, ಅದೇ ಸಭಾಂಗಣದಲ್ಲಿ. ಅಷ್ಟರೊಳಗೆ ಇನ್ನಿಬ್ಬರು ವಯೊಲಾ ವಾದಕರು ಬೇಕಾಗಿದ್ದಾರೆ ಎಂದು ನಿರ್ದೇಶಕರು ಕೊನೆಯಲ್ಲಿ ಕೇಳಿಕೊಂಡರು. ಪಿಟೀಲು ಬಲ್ಲವರು, ಕರ್ನಾಟಕ ಪದ್ಧತಿಯವರೂ ಸೇರಿ, ಯಾರು ಬೇಕಾದರೂ ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆ ಬಂದು ಕುಳಿತು ನೋಡಬಹುದು. ವಾದ್ಯ ಇಲ್ಲದವರಿಗೆ ವೃಂದದ ಬಳಿ ಎರವಲು ಕೊಡಲು ಒಂದು ವಯೊಲಾ ಇದೆ, ಸ್ವರಲಿಪಿ ಓದಲು ಬಾರದವರಿಗೆ ಅಭ್ಯಾಸಕ್ಕೆ ಒಂದು ಗಂಟೆ ಮೊದಲು ಪಾಠ ಹೇಳಿಕೊಡುತ್ತಾರೆ.